ಮಿನಿ ಡಿವಿ ಕ್ಯಾಪ್ಚರ್ ಮಧ್ಯದಲ್ಲೇ ನಿಲ್ಲುತ್ತದೆ, ಯಾರಾದರೂ ಸಹಾಯ ಮಾಡಿ

ಚೆಂಡೆಮನೆ
ಸಾಕಾಗಿ ಹೋಗಿದೆ. ಅಪ್ಪ 2005ರ ಸುಮಾರಿಗೆ ತೆಗೆದ ಬಯಲಾಟದ ಮಿನಿ ಡಿವಿ (ಚಿಕ್ಕ ಡಿಜಿಟಲ್ ವಿಡಿಯೊ ಕ್ಯಾಸೆಟ್) ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಚೆನ್ನಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಕ್ಯಾಪ್ಚರ್ ನಿಲ್ಲುತ್ತದೆ. ಮತ್ತೆ ಶುರು ಮಾಡಿದರೆ ಕ್ಯಾಮೆರಾ ತಾನಾಗಿ ಹಿಂದಕ್ಕೆ ಸುತ್ತಿ, ಎಲ್ಲೋ ಹೋಗಿ ನಿಂತುಬಿಡುತ್ತದೆ. ಕೇಬಲ್ ಬದಲಾಯಿಸಿದ್ದೂ ಆಯ್ತು. ಏನು ಮಾಡಲಿ?

ಹಳೇಟೇಪು
ಕ್ಯಾಮೆರಾದೊಳಗೆ ಟೇಪ್ ಓದುವ ಹೆಡ್ ಕೊಳೆಯಾಗಿದೆ. ಕ್ಲೀನಿಂಗ್ ಕ್ಯಾಸೆಟ್ ಹಾಕಿ ಹತ್ತು ಸೆಕೆಂಡ್ ಓಡಿಸಿ, ಜಾಸ್ತಿ ಬೇಡ. ಕರಾವಳಿಯ ತೇವಕ್ಕೆ ಟೇಪಿಗೆ ಬೂಸ್ಟು ಬರುವುದೂ ಇದೆ.

ರಾಜಾಜಿನಗರ_ಎಡಿಟರ್
ಫೈಲ್ 4 ಜಿಬಿ ಹತ್ತಿರ ನಿಲ್ಲುತ್ತಾ? ಡಿವಿ ಗಂಟೆಗೆ ಸುಮಾರು 13 ಜಿಬಿ. ಹಾರ್ಡ್ ಡಿಸ್ಕ್ ಫ್ಯಾಟ್32 (4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದ ಹಳೆಯ ಫಾರ್ಮ್ಯಾಟ್) ಆಗಿದ್ದರೆ ಹತ್ತೊಂಬತ್ತು ನಿಮಿಷದ ಆಸುಪಾಸಿನಲ್ಲಿ ಕಥೆ ಮುಗಿಯುತ್ತದೆ.

ಚೆಂಡೆಮನೆ
ಎನ್‌ಟಿಎಫ್‌ಎಸ್ ಇದೆ, ಆ ಮಿತಿ ಇಲ್ಲ. ಹೆಡ್ ಕ್ಲೀನ್ ಮಾಡಿದೆ, ಅದೇ ಜಾಗದಲ್ಲೇ ನಿಂತಿತು. ಒಂದು ಟೇಪು ಏಳು ನಿಮಿಷಕ್ಕೆ, ಇನ್ನೊಂದು ನಲವತ್ತು ದಾಟಿದ ಮೇಲೆ.

ಹಳೇಟೇಪು
ಇನ್ನೊಮ್ಮೆ ಕ್ಲೀನ್ ಮಾಡಿ. ನೂರಕ್ಕೆ ನೂರು ಹೆಡ್ಡೇ.

ಫೈರ್‌ವೈರ್_ಮೈಸೂರು
ಹೆಡ್ ಕೊಳೆಯಾದರೆ ಚಿತ್ರ ಚೌಕಳಿ ಚೌಕಳಿಯಾಗಿ ಒಡೆಯುತ್ತದೆ, ಹೀಗೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಚೆಂಡೆಮನೆಯವರೇ, ನಿಂತ ಜಾಗದಲ್ಲಿ ಕ್ಯಾಮೆರಾ ಪರದೆಯ ಟೈಮ್‌ಕೋಡ್ (ಟೇಪಿನ ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್ ಎಣಿಕೆ) ಏನು ತೋರಿಸುತ್ತದೆ?

ಚೆಂಡೆಮನೆ
00:41:17:09 ಆದ ಮೇಲೆ ಒಂದೆರಡು ಸೆಕೆಂಡ್ ನೀಲಿ ಪರದೆ. ಆಮೇಲೆ ಮತ್ತೆ ಸೊನ್ನೆಯಿಂದ ಶುರು. ವೇಷ ಬದಲಾಗುವ ಹೊತ್ತಿನಲ್ಲಿ ಅಪ್ಪ ಟೇಪ್ ಹಿಂದಕ್ಕೆ ಸುತ್ತಿ ನೋಡುತ್ತಿದ್ದರು, ಎಲ್ಲರೂ ಹಾಗೆ ನೋಡುತ್ತಿದ್ದರಲ್ವಾ?

ಫೈರ್‌ವೈರ್_ಮೈಸೂರು
ಅಲ್ಲೇ ಇದೆ ನೋಡಿ. ರೆಕಾರ್ಡ್ ಒತ್ತಿದಾಗ ಕ್ಯಾಮೆರಾ ಹಿಂದಿನ ಟೈಮ್‌ಕೋಡ್ ಓದಿ ಮುಂದುವರಿಸುತ್ತದೆ. ಹಿಂದಕ್ಕೆ ಸುತ್ತಿ ನೋಡಿದ ಮೇಲೆ ಟೇಪ್ ರೆಕಾರ್ಡ್ ಮುಗಿದ ಜಾಗ ದಾಟಿ ನಿಂತು, ಖಾಲಿ ಜಾಗ ಸಿಕ್ಕರೆ ಸೊನ್ನೆಯಿಂದ ಎಣಿಸುತ್ತದೆ. ಈಗ ಆ ಟೇಪಿನಲ್ಲಿ ಐದನೇ ನಿಮಿಷ ಎರಡು ಕಡೆ ಇದೆ. ಸಾಫ್ಟ್‌ವೇರ್ ಎರಡನೆಯದನ್ನು ಹುಡುಕಲು ಹೋಗಿ ಮೊದಲನೆಯದರ ಹತ್ತಿರ ಬಂದು ನಿಲ್ಲುತ್ತದೆ. ಪ್ರೀ-ರೋಲ್‌ಗೆಂದು (ಟೇಪ್ ವೇಗ ಹಿಡಿಯಲಿ ಎಂದು) ಕೆಲವು ಸೆಕೆಂಡ್ ಹಿಂದಕ್ಕೆ ಹೋದರೂ ನೀಲಿ ಜಾಗಕ್ಕೆ ಸಿಕ್ಕಿ ದಾರಿ ತಪ್ಪುತ್ತದೆ.
ಡಿವೈಸ್ ಕಂಟ್ರೋಲ್ (ಕಂಪ್ಯೂಟರೇ ಕ್ಯಾಮೆರಾ ಓಡಿಸುವ ಆಯ್ಕೆ) ಆಫ್ ಮಾಡಿ. ಕ್ಯಾಮೆರಾದಲ್ಲೇ ಕೈಯಿಂದ ಪ್ಲೇ ಒತ್ತಿ, ವಿನ್‌ಡಿವಿ ಎಂಬ ಸಾಫ್ಟ್‌ವೇರಿನಲ್ಲಿ ಕ್ಯಾಪ್ಚರ್ ಮಾಡಿ. ಅದು ಬಂದದ್ದನ್ನು ಹಾಗೇ ಬರೆದುಕೊಳ್ಳುತ್ತದೆ. ರೆಕಾರ್ಡ್ ಆದ ದಿನಾಂಕ, ಗಂಟೆ ಟೇಪಿನಲ್ಲಿ ಬೇರೆಯಾಗಿಯೇ ಇರುತ್ತದೆ, ಟೈಮ್‌ಕೋಡ್ ಸೊನ್ನೆಯಾದರೂ ಅದಕ್ಕೇನೂ ಆಗುವುದಿಲ್ಲ. ಅದನ್ನೇ ನೋಡಿ ತುಂಡು ತುಂಡು ಫೈಲ್ ಮಾಡಬಹುದು. ಲಿನಕ್ಸ್ ಇದ್ದರೆ ಡಿವಿಗ್ರ್ಯಾಬ್ ಎಂಬ ಪ್ರೋಗ್ರಾಮಿನ ಆಟೋಸ್ಪ್ಲಿಟ್, ಟೈಮ್‌ಸ್ಟ್ಯಾಂಪ್ ಆಯ್ಕೆಗಳು ಇದೇ ಕೆಲಸ ಮಾಡುತ್ತವೆ.

ಮದುವೆ_ವಿಡಿಯೊ
ಇಷ್ಟೆಲ್ಲ ಯಾಕೆ? ಇನ್ನೊಂದು ಕ್ಯಾಮೆರಾಗೆ ಟೇಪಿನಿಂದ ಟೇಪಿಗೆ ಕಾಪಿ ಮಾಡಿ. ಹೊಸ ಟೇಪಿಗೆ ಒಂದೇ ಸಮನೆ ಟೈಮ್‌ಕೋಡ್ ಬೀಳುತ್ತದೆ. ನಾವಂತೂ ಶೂಟಿಂಗ್‌ಗೆ ಮೊದಲೇ ಲೆನ್ಸ್ ಮುಚ್ಚಿ ಇಡೀ ಟೇಪ್ ಕಪ್ಪು ರೆಕಾರ್ಡ್ ಮಾಡಿ ಇಡುತ್ತಿದ್ದೆವು, ಈ ತೊಂದರೆಯೇ ಇರಲಿಲ್ಲ.

ಫೈರ್‌ವೈರ್_ಮೈಸೂರು
ಅದು 2005ರಲ್ಲಿ ಹೇಳಬೇಕಿತ್ತು. ಈಗ ಒಳ್ಳೆಯ ಹೊಸ ಟೇಪ್ ಎಲ್ಲಿ ಸಿಗುತ್ತದೆ? ಇನ್ನೊಂದು ಕ್ಯಾಮೆರಾ ಯಾಕೆ ಸವೆಸಬೇಕು?

ಮದುವೆ_ವಿಡಿಯೊ
ನನ್ನ ಹತ್ತಿರ ಪ್ಯಾಕ್ ಒಡೆಯದ ಡಬ್ಬವೇ ಇದೆ. ಡೆಕ್ ಇದೆ, ವಿಂಡೋಸ್ ಎಕ್ಸ್‌ಪಿ ಪಿಸಿ ಇದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಫೈರ್‌ವೈರ್ (ಕ್ಯಾಮೆರಾ ಕೇಬಲ್ ಸಿಕ್ಕಿಸುವ) ಕಾರ್ಡ್ ಇದೆ. ಇವತ್ತಿಗೂ ಒಂದು ಫ್ರೇಮ್ ಬಿಡುವುದಿಲ್ಲ.

ರಾಜಾಜಿನಗರ_ಎಡಿಟರ್
ಅದೇ ಚಿಪ್ಪು ನನ್ನದೂ. ಕೈಕೊಟ್ಟರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಲೆಗಸಿ (ಹಳೆಯ) ಡ್ರೈವರಿಗೆ ಬದಲಾಯಿಸಿ ನೋಡಿ.

ಚೆಂಡೆಮನೆ
ವಿನ್‌ಡಿವಿ ಕೆಲಸ ಮಾಡಿತು ಮಾರಾಯ್ರೇ! ಇಡೀ ಟೇಪ್ ನಿಲ್ಲದೆ ಇಳಿಯಿತು. ಆದರೆ ಒಂದು ಟೇಪಿನಲ್ಲಿ ನೀಲಿ ಜಾಗ ದಾಟಿದ ಮೇಲೆ ಭಾಗವತರ ದನಿ ಕೀರಲಾಗಿ, ಓಡೋಡಿ ಬರುತ್ತದೆ. ಕ್ಯಾಮೆರಾದಲ್ಲಿ ಹಾಕಿದರೆ ಸರಿಯಾಗಿದೆ.

ಹಳೇಟೇಪು
ಹೆಡ್.

ಫೈರ್‌ವೈರ್_ಮೈಸೂರು
ಹೆಡ್ ಅಲ್ಲ ಸರ್. ಮೊದಲ ಭಾಗದ ದನಿ 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಮಾದರಿ) ರೆಕಾರ್ಡ್ ಆಗಿರುತ್ತದೆ. ಎರಡನೆಯ ಭಾಗದ್ದು 12 ಬಿಟ್, 32ರಲ್ಲಿ. ಫೈಲ್ ಒಂದೇ ಆದ್ದರಿಂದ ಕೊನೆಯವರೆಗೂ 48 ಅಂತಲೇ ನುಡಿಸುತ್ತದೆ, ಹಾಗಾಗಿ ಒಂದೂವರೆ ಪಟ್ಟು ಬೇಗ. ನೀಲಿ ಜಾಗಕ್ಕೆ ಕ್ಯಾಪ್ಚರ್ ನಿಲ್ಲಿಸಿ, ಟೇಪನ್ನು ಅದರಿಂದ ಹತ್ತು ಸೆಕೆಂಡ್ ಮುಂದೆ ಓಡಿಸಿಕೊಂಡು ಹೊಸ ಫೈಲ್ ಶುರು ಮಾಡಿ. ದನಿ ಸರಿಹೋಗುತ್ತದೆ. ಬಿಟ್ಟುಹೋದ ಹತ್ತು ಸೆಕೆಂಡಿನ ಚಿತ್ರ ಈಗಾಗಲೇ ಇಳಿಸಿದ ಇಡೀ ಟೇಪಿನ ಫೈಲಿನಲ್ಲಿ ಇದ್ದೇ ಇದೆ, ಅದನ್ನು ಅಳಿಸಬೇಡಿ.