ಬ್ಯಾಗು ಜೀಪಿನಲ್ಲಿ, ನಾವು ರಸ್ತೆಯಲ್ಲಿ: ಪಾದಯಾತ್ರೆ ಪ್ಯಾಕಿಂಗ್ ಪ್ರಶ್ನೋತ್ತರ

ಶಿವರಾತ್ರಿ ಹತ್ತಿರ ಬಂತು. ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಸುಬ್ರಹ್ಮಣ್ಯ ದಾರಿಯಾಗಿ ಧರ್ಮಸ್ಥಳಕ್ಕೆ ನಡೆಯುವವರು ಈ ವಾರ ಗುಂಪಿನಲ್ಲಿ ಸುತ್ತಿ ಬಳಸಿ ಕೇಳಿದ್ದು ಒಂದೇ ಮಾತು: ಯಾವುದನ್ನು ಹೊರಬೇಕು, ಯಾವುದನ್ನು ಗಾಡಿಗೆ ಹಾಕಬೇಕು? ನಡೆಯುವ ತಂಡಗಳಿಗೆ ದಾರಿ, ತಂಗುವ ಜಾಗ, ಸಾಮಾನು ಗಾಡಿ ಹೊಂದಿಸಿಕೊಡುವುದು ನನ್ನ ಕೆಲಸ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಔಷಧಿ ವಿಷಯದಲ್ಲಿ ಮಾತ್ರ ನಿಮ್ಮ ಡಾಕ್ಟರ ಮಾತೇ ಕೊನೆ.

ಪ್ರಶ್ನೆ (ಮಡಿಕೇರಿ): ಬ್ಯಾಗು ಹೇಗೂ ಜೀಪಿನಲ್ಲಿ ಬರುತ್ತದೆ. ಹಾಗಿದ್ದ ಮೇಲೆ ಬೆನ್ನಿಗೆ ಇನ್ನೊಂದು ಚೀಲ ಯಾಕೆ? ಕೈಯಲ್ಲಿ ನೀರಿನ ಬಾಟಲಿ ಇದ್ದರೆ ಸಾಲದಾ?

ಉತ್ತರ: ಸಾಲದು. ನಿಮಗೆ ಬೇಕಾದ ಹೊತ್ತಿಗೆ ಜೀಪು ಪಕ್ಕದಲ್ಲಿ ಇರುವುದಿಲ್ಲ. ಅಡುಗೆ ಪಾತ್ರೆಯೂ ಅದರಲ್ಲೇ ಇರುವುದರಿಂದ ಅದು ಬೆಳಿಗ್ಗೆಯೇ ಮುಂದಿನ ತಂಗುದಾಣಕ್ಕೆ ಹೋಗಿಬಿಡುತ್ತದೆ. ಘಾಟಿಯಲ್ಲಿ ಕಂಡಕಂಡಲ್ಲಿ ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ನಡುವೆ ನೆಟ್‌ವರ್ಕ್ ಬೇರೆ ಕೈಕೊಡುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ದೊಡ್ಡ ಬ್ಯಾಗು ಇವತ್ತು ರಾತ್ರಿ ಬರುವುದೇ ಇಲ್ಲ ಅಂದುಕೊಂಡು ಸಣ್ಣ ಚೀಲ ತುಂಬಿಸಿ. ಆ ಒಂದು ರಾತ್ರಿಯನ್ನು ನೀವು ಹೇಗೋ ಕಳೆಯುವಂತಿರಬೇಕು. ಒಂದರಿಂದ ಒಂದೂವರೆ ಲೀಟರ್ ನೀರು. ದಿನದ ಔಷಧಿ, ಜೊತೆಗೆ ಮರುದಿನದ್ದೂ. ಒಂದು ಜೊತೆ ಒಣ ಸಾಕ್ಸ್, ಒಂದು ಟೀ ಶರ್ಟ್, ತೆಳ್ಳಗಿನ ಬೈರಾಸು (ಟವೆಲ್), ರೇನ್‌ಕೋಟ್, ಟಾರ್ಚ್. ಫೋನು, ಪವರ್ ಬ್ಯಾಂಕ್, ಚಾರ್ಜರ್. ಚಾರ್ಜರನ್ನು ಗಾಡಿಗೆ ಹಾಕಿ ಸಂಜೆ ಪರದಾಡುವವರು ಪ್ರತಿ ತಂಡದಲ್ಲೂ ಸಿಗುತ್ತಾರೆ. ದುಡ್ಡು ಮತ್ತು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ತಿನ್ನಲು ಕಡಲೆ ಮಿಠಾಯಿ, ಬಾಳೆಹಣ್ಣು. ನೀರೂ ಸೇರಿ ನಾಲ್ಕು ಕಿಲೋ ದಾಟಬಾರದು. ಸೊಂಟಕ್ಕೆ ಬೆಲ್ಟ್ ಇರುವ ಚೀಲವಾದರೆ ಹೆಗಲು ಉಳಿಯುತ್ತದೆ. ಒಂದೇ ಹೆಗಲಿಗೆ ನೇತುಹಾಕುವ ಜೋಳಿಗೆ ನೋಡಲು ಚೆಂದ, ಹತ್ತು ಕಿಲೋಮೀಟರ್ ಆದ ಮೇಲೆ ಕುತ್ತಿಗೆ ಹಿಡಿಯುತ್ತದೆ.

ಪ್ರಶ್ನೆ (ಸೋಮವಾರಪೇಟೆ): ಗಾಡಿಗೆ ಹಾಕುವ ಬ್ಯಾಗು ಎಷ್ಟು ಕಿಲೋ ಇರಬಹುದು? ಟ್ರಾಲಿ ಸೂಟ್‌ಕೇಸ್ ಆಗುತ್ತಾ?

ಉತ್ತರ: ಟ್ರಾಲಿ ಬೇಡ. ಶಾಲೆ ಜಗಲಿಗೂ ಕಲ್ಯಾಣ ಮಂಟಪದ ಮೆಟ್ಟಿಲಿಗೂ ಚಕ್ರದಿಂದ ಏನೂ ಉಪಯೋಗವಿಲ್ಲ. ಪಿಕಪ್‌ನಲ್ಲಿ ಅದು ಪಕ್ಕದ ಬ್ಯಾಗುಗಳನ್ನೂ ಜಜ್ಜುತ್ತದೆ. ಬಟ್ಟೆಯ ಮೆತ್ತಗಿನ ಬ್ಯಾಗು ತನ್ನಿ. ಎಂಟು ಕಿಲೋ ಸಾಕು, ಹತ್ತು ಅಂದರೆ ಜಾಸ್ತಿಯೇ. ಲೆಕ್ಕ ಸುಲಭ: ನಡೆದು ಸುಸ್ತಾದ ಸಂಜೆ ಅದನ್ನು ನೀವೇ ಒಂದು ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತುವಂತಿರಬೇಕು. ಡ್ರೈವರ್ ಒಬ್ಬನೇ ಇರುತ್ತಾನೆ, ಬ್ಯಾಗು ಮೂವತ್ತು ನಲವತ್ತು ಇರುತ್ತವೆ.

ನಿಮ್ಮ ಬ್ಯಾಗು ರಾಶಿಯ ಅಡಿಗೇ ಬೀಳುತ್ತದೆ ಅಂದುಕೊಳ್ಳಿ. ಕೊಬ್ಬರಿ ಎಣ್ಣೆ ಬಾಟಲಿ, ಉಪ್ಪಿನಕಾಯಿ ಡಬ್ಬಿ ಇದ್ದರೆ ಒಡೆದು ಹತ್ತು ಜನರ ಬಟ್ಟೆಗೆ ಹತ್ತುತ್ತದೆ. ಬಟ್ಟೆಯನ್ನೆಲ್ಲ ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ತಿರುಚಿ ಕಟ್ಟಿ, ಆಮೇಲೆ ಬ್ಯಾಗಿಗಿಡಿ. ಟಾರ್ಪಾಲಿನ ಮೇಲೆ ನಂಬಿಕೆ ಇಡಬೇಡಿ. ತಲುಪಿದ ಕೂಡಲೇ ಬೇಕಾಗುವ ಚಪ್ಪಲಿ, ಲುಂಗಿ ಅಥವಾ ನೈಟಿ, ಸೋಪು, ಹೊದಿಕೆ ಮೇಲ್ಗಡೆ ಇರಲಿ.

ಹೆಸರು, ಫೋನ್ ನಂಬರನ್ನು ಮಾರ್ಕರ್ ಪೆನ್ನಿನಲ್ಲಿ ಬ್ಯಾಗಿನ ಒಳಗೂ ಹೊರಗೂ ಬರೆಯಿರಿ. ಅರ್ಧಕ್ಕರ್ಧ ಜನ ಕಪ್ಪು ಬ್ಯಾಗನ್ನೇ ತರುತ್ತಾರೆ. ಹಿಡಿಗೆ ಒಂದು ಬಣ್ಣದ ಬಟ್ಟೆ ಚೂರು ಕಟ್ಟಿ. ಕೆಂಪು ಮಾತ್ರ ಬೇಡ, ಎಲ್ಲರೂ ಅದನ್ನೇ ಕಟ್ಟುವುದು.

ಪ್ರಶ್ನೆ (ಶನಿವಾರಸಂತೆ): ಫೆಬ್ರವರಿ ಕೊನೆಯಲ್ಲಿ ಎಲ್ಲಿಯ ಮಳೆ? ರೇನ್‌ಕೋಟ್ ಸುಮ್ನೆ ಭಾರ ಅಲ್ವಾ?

ಉತ್ತರ: ಕಾಫಿ ತೋಟದ ಊರಿನವರೇ ಹೀಗೆ ಕೇಳಿದರೆ ಹೇಗೆ! ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಬರುವ ಕಾಲವೇ ಅದು. ರೋಬಸ್ಟಾ ಕಾಫಿ ಇರುವವರು ಆಕಾಶ ನೋಡುತ್ತಾ ಕೂತಿರುತ್ತಾರೆ. ಅವರ ಹರಕೆ ಫಲಿಸಿದ ದಿನ ನೀವು ರಸ್ತೆಯಲ್ಲಿ ಇರುತ್ತೀರಿ, ಅಷ್ಟೇ. ಇನ್ನೂರು ಮುನ್ನೂರು ಗ್ರಾಂನ ತೆಳ್ಳಗಿನ ಕೋಟು ಸಾಕು. ಬೆಳಿಗ್ಗೆ ಮಡಿಕೇರಿ ಚಳಿಗೆ ಅದೇ ಜಾಕೆಟ್ಟೂ ಆಗುತ್ತದೆ. ದಪ್ಪ ಸ್ವೆಟರ್ ಗಾಡಿಗೆ ಹಾಕಿ. ಘಾಟಿ ಇಳಿದ ಮೇಲೆ ಅದನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ (ನಾಪೋಕ್ಲು): ಹೊಸ ಶೂ ತಗೊಂಡಿದ್ದೇನೆ. ತಮ್ಮ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದಾನೆ. ಇಬ್ಬರಿಗೂ ಹೇಳಿ.

ಉತ್ತರ: ಮೊದಲು ನೀವು. ಶೂ ಹೊಸದಾಗಿದ್ದರೆ ಇವತ್ತಿನಿಂದಲೇ ಹಾಕಿಕೊಂಡು ಓಡಾಡಿ. ತೋಟದ ದಾರಿ ಸಾಲದು, ಟಾರು ರಸ್ತೆಯಲ್ಲೇ ಮೂರ್ನಾಲ್ಕು ಸಲ ದೂರ ನಡೆಯಬೇಕು. ಹೆಬ್ಬೆರಳಿನ ಮುಂದೆ ಒಂದು ಬೆರಳು ಜಾಗ ಇದೆಯಾ ನೋಡಿ. ದಿನವಿಡೀ ನಡೆದರೆ ಪಾದ ಊದುತ್ತದೆ, ಹಾಗಾಗಿ ಶೂ ನೋಡಬೇಕಾದ್ದು ಸಂಜೆ ಹೊತ್ತು.

ನಮ್ಮ ದಾರಿಯ ತೊಂದರೆ ಇರುವುದು ಇಳಿಜಾರಿನಲ್ಲಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಸುಳ್ಯ ನೂರರ ಆಸುಪಾಸು. ಅಂದರೆ ಶುರುವಿನಲ್ಲೇ ಸಾವಿರ ಮೀಟರ್ ಇಳಿಯುತ್ತೀರಿ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂಗೆ ಬಡಿಯುತ್ತದೆ, ಉಗುರು ಕಪ್ಪಾಗುತ್ತದೆ. ಎರಡು ಮೂರು ದಿನ ಮೊದಲೇ ಉಗುರನ್ನು ನೇರವಾಗಿ ಕತ್ತರಿಸಿ. ಘಾಟಿ ಶುರುವಾಗುವ ಮೊದಲು ನಿಂತು, ಹಿಮ್ಮಡಿಯನ್ನು ಶೂನ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಲೇಸು ಬಿಗಿಯಾಗಿ ಕಟ್ಟಿ. ಕೆಳಗಿನ ರಂಧ್ರಗಳಲ್ಲಿ ಸಡಿಲ ಇದ್ದರೂ ಪರವಾಗಿಲ್ಲ. ಮೊಣಕಾಲು ನೋವಿದ್ದರೆ ಒಂದು ಕೋಲು ಹಿಡಿಯಿರಿ, ನಾಚಿಕೆ ಬೇಡ.

ಪಾದದಲ್ಲಿ ಬೊಬ್ಬೆ (ನೀರುಗುಳ್ಳೆ) ಏಳುವುದು ಉಜ್ಜಾಟದಿಂದ. ಬೆವರು ಅದನ್ನು ಹೆಚ್ಚು ಮಾಡುತ್ತದೆ. ಹತ್ತಿ ಸಾಕ್ಸ್ ಬೆವರನ್ನು ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಸ್ಪೋರ್ಟ್ಸ್ ಸಾಕ್ಸ್ ಒಳ್ಳೆಯದು. ಒಳಗೆ ತೆಳ್ಳಗಿನದು, ಮೇಲೆ ದಪ್ಪದ್ದು ಹಾಕಿದರೆ ಉಜ್ಜಾಟ ಆ ಎರಡು ಸಾಕ್ಸ್‌ಗಳ ನಡುವೆಯೇ ಮುಗಿಯುತ್ತದೆ. ಮಧ್ಯಾಹ್ನ ಸಾಕ್ಸ್ ಬದಲಿಸಿ, ಒದ್ದೆಯಾದದ್ದನ್ನು ಚೀಲದ ಹೊರಗೆ ಪಿನ್ನು ಹಾಕಿ ಒಣಗಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೈಕ್ರೊಪೋರ್ ಟೇಪನ್ನು ಹಿಮ್ಮಡಿಗೆ, ಕಿರುಬೆರಳಿಗೆ ಬೆಳಿಗ್ಗೆಯೇ ಅಂಟಿಸಿ. ಕೆಲವರು ವ್ಯಾಸಲೀನ್ ಹಚ್ಚಿ ಅದರ ಮೇಲೆ ಟೇಪ್ ಹಾಕುತ್ತಾರೆ. ಅದು ಅಂಟುವುದಿಲ್ಲ, ಒಂದಾದರೂ ಸರಿ ಇನ್ನೊಂದಾದರೂ ಸರಿ. ಎಲ್ಲಾದರೂ ಉರಿ ಶುರುವಾಯಿತೋ, ಅಲ್ಲೇ ನಿಲ್ಲಿ. ‘ಮುಂದಿನ ಊರಲ್ಲಿ ನೋಡೋಣ’ ಅಂದವರೇ ಮರುದಿನ ಜೀಪು ಹತ್ತುವುದು.

ತಮ್ಮನ ಹರಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಸುಳ್ಯದ ಕಡೆ ಮಧ್ಯಾಹ್ನ ಟಾರು ಕಾದು ಪಾದ ಸುಡುತ್ತದೆ. ಹನ್ನೊಂದರ ಒಳಗೆ ನೆರಳು ಸೇರಲಿ, ನಾಲ್ಕರ ಮೇಲೆ ಮತ್ತೆ ಹೊರಡಲಿ. ಒಂದು ಜೊತೆ ಹಗುರ ಚಪ್ಪಲಿ ಚೀಲದಲ್ಲೇ ಇರಲಿ, ಗಾಡಿಯಲ್ಲಿ ಅಲ್ಲ. ಮುಳ್ಳು ತೆಗೆಯುವ ಚಿಮಟ, ಗಾಯ ತೊಳೆಯುವ ಔಷಧಿಯನ್ನೂ ಇಟ್ಟುಕೊಳ್ಳಲಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಅಂತ ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ (ಸುಂಟಿಕೊಪ್ಪ): ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಐಸ್ ಬಾಕ್ಸ್‌ನಲ್ಲಿಟ್ಟು ಜೀಪಿಗೆ ಕೊಡಬಹುದಾ?

ಉತ್ತರ: ಬೇಡವೇ ಬೇಡ. ಬಿಸಿಲಿಗೆ ನಿಂತ ಗಾಡಿಯ ಒಳಗೆ ಒಲೆಯಂಥ ಕಾವು. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೂ ಇನ್ಸುಲಿನ್ ಹಾಳು. ಬಳಸುತ್ತಿರುವ ಇನ್ಸುಲಿನ್ ಪೆನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಒಳಗೆ ಸುಮಾರು ನಾಲ್ಕು ವಾರ ಫ್ರಿಜ್ ಇಲ್ಲದೆ ಉಳಿಯುತ್ತದೆ. ಆದರೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ, ಪೊಟ್ಟಣದ ಚೀಟಿ ಓದಿ. ಘಾಟಿ ಕೆಳಗೆ ಸೆಕೆ ಅದಕ್ಕಿಂತ ಮೇಲೆ ಹೋಗುವುದುಂಟು. ಆದ್ದರಿಂದ ನೀರಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಪೌಚ್ ತಗೊಂಡು, ಅಮ್ಮನ ಚೀಲದ ನಡುವೆ, ಬಟ್ಟೆ ಸುತ್ತಿ ಇಡಿ.

ಇಡೀ ದಿನ ನಡೆದರೆ ಸಕ್ಕರೆ ಇಳಿಯುವ ಸಾಧ್ಯತೆ ಇದೆ. ಡೋಸ್ ಬದಲಿಸಬೇಕಾ ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಗ್ಲೂಕೋಸ್ ಪುಡಿ ಅಮ್ಮನ ಚೀಲದಲ್ಲೂ ಇರಲಿ, ಜೊತೆಗೆ ನಡೆಯುವವರ ಜೇಬಿನಲ್ಲೂ ಇರಲಿ. ಬರಿಗಾಲಲ್ಲಿ ಮಾತ್ರ ನಡೆಸಬೇಡಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ನೀವೇ ಪಾದ ನೋಡಿ.

ಪ್ರಶ್ನೆ (ಕುಶಾಲನಗರ): ಹಿಂದೆ ಎಲ್ಲ ಹೊತ್ತುಕೊಂಡೇ ಹೋಗುತ್ತಿದ್ದರು. ಬ್ಯಾಗನ್ನು ಜೀಪಿನಲ್ಲಿ ಕಳಿಸಿ ನಡೆದರೆ ಅದು ಪಾದಯಾತ್ರೆನಾ?

ಉತ್ತರ: ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋದವರೂ ಇದ್ದರಲ್ಲ. ನಡೆಯುವುದು ಕಾಲು ತಾನೇ?

ಪ್ರಶ್ನೆ (ವಿರಾಜಪೇಟೆ): ನಮ್ಮ ಚರ್ಚ್‌ನ ಗೆಳೆಯರು ಸ್ಪೇನಿನ ಸಾಂತಿಯಾಗೊ ಯಾತ್ರೆಗೆ ಹೊರಟಿದ್ದೇವೆ, ಸಾರಿಯಾದಿಂದ ನಡಿಗೆ. ಅಲ್ಲಿ ಬ್ಯಾಗು ಸಾಗಿಸುವವರು ಇದ್ದಾರಂತೆ. ಹೇಗೆ ಪ್ಯಾಕ್ ಮಾಡುವುದು?

ಉತ್ತರ: ಸಾರಿಯಾದಿಂದ ಸಾಂತಿಯಾಗೊಗೆ ಸುಮಾರು 115 ಕಿಲೋಮೀಟರ್. ಯಾತ್ರೆ ಮುಗಿಸಿದವರಿಗೆ ಕೊಡುವ ಕಾಂಪೊಸ್ತೆಲಾ ಪ್ರಮಾಣಪತ್ರ ಕಾಲ್ನಡಿಗೆಯವರಿಗೆ ಸಿಗಲು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು. ಹಾಗಾಗಿಯೇ ಅಲ್ಲಿಂದ ಶುರು ಮಾಡುವವರು ಜಾಸ್ತಿ. ಬ್ಯಾಗು ಕಳಿಸಿದರೂ ಪ್ರಮಾಣಪತ್ರಕ್ಕೆ ತೊಂದರೆಯಿಲ್ಲ. ಕುಶಾಲನಗರದವರಿಗೂ ಇದೇ ಉತ್ತರ ಅನ್ನಿ.

ಅಲ್ಲಿ ಈ ಕೆಲಸಕ್ಕೆ ಹಲವು ಕಂಪನಿಗಳಿವೆ, ಸ್ಪೇನಿನ ಅಂಚೆ ಇಲಾಖೆಯೂ ಮಾಡುತ್ತದೆ. ಒಂದು ದಿನದ ದಾರಿಗೆ ಒಂದು ಬ್ಯಾಗಿಗೆ ಇಷ್ಟು ಯೂರೋ ಅಂತ ಲೆಕ್ಕ. ತೂಕದ ಮಿತಿ ಸಾಮಾನ್ಯವಾಗಿ 15ರಿಂದ 20 ಕಿಲೋ. ಅಷ್ಟು ತುಂಬಿಸಲೇಬೇಕು ಅಂತೇನಿಲ್ಲ. ಬ್ಯಾಗಿಗೆ ಚೀಟಿ ಕಟ್ಟಿ, ಮುಂದಿನ ತಂಗುದಾಣದ ಹೆಸರು ಬರೆದು, ಬೆಳಿಗ್ಗೆ ಎಂಟರ ಒಳಗೆ ರಿಸೆಪ್ಷನ್‌ನಲ್ಲಿ ಇಡಬೇಕು. ಮಧ್ಯಾಹ್ನದ ಹೊತ್ತಿಗೆ ತಲುಪುತ್ತದೆ. ಅಂದರೆ ರಾತ್ರಿ ಎಲ್ಲಿ ತಂಗುತ್ತೀರಿ ಅಂತ ಬೆಳಿಗ್ಗೆಯೇ ಗೊತ್ತಿರಬೇಕು. ಈ ದಾರಿ ಇರುವ ಗಲೀಸಿಯಾ ಪ್ರಾಂತ್ಯದ ಸರ್ಕಾರಿ ಯಾತ್ರಿ ನಿವಾಸಗಳು ಹೀಗೆ ಬರುವ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ, ಖಾಸಗಿಯವನ್ನೇ ಬುಕ್ ಮಾಡಿ.

ಪಾಸ್‌ಪೋರ್ಟ್, ದುಡ್ಡು, ಔಷಧಿ ಮತ್ತು ಮುದ್ರೆ ಹಾಕಿಸುವ ಯಾತ್ರಿ ಪುಸ್ತಕ ನಿಮ್ಮ ಮೈಮೇಲೇ ಇರಲಿ. ದಾರಿಯಲ್ಲಿ ಚರ್ಚು, ಹೋಟೆಲು, ಕೆಫೆಗಳಲ್ಲಿ ದಿನಕ್ಕೆ ಎರಡು ಮುದ್ರೆ ಬೀಳಬೇಕು. ಪುಸ್ತಕ ವ್ಯಾನಿನಲ್ಲಿ ಹೋದರೆ ಯಾವುದಕ್ಕೆ ಹಾಕಿಸುತ್ತೀರಿ? ಗಲೀಸಿಯಾ ನಮ್ಮ ಕೊಡಗಿನ ಹಾಗೇ ಮಳೆ ಊರು, ರೇನ್‌ಕೋಟ್ ಬೆನ್ನಿನ ಚೀಲದಲ್ಲೇ ಇರಲಿ. ವಿಮಾನಕ್ಕೆ ಎರಡು ಮಾತು: ವಾಕಿಂಗ್ ಕೋಲು ಚೆಕ್‌ಇನ್ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ನಡೆದು ಹದವಾದ ಶೂವನ್ನು ಕಾಲಿಗೇ ಹಾಕಿಕೊಂಡು ಹೋಗಿ. ಬ್ಯಾಗು ಬರದಿದ್ದರೆ ಬಟ್ಟೆ ಅಲ್ಲೇ ಕೊಳ್ಳಬಹುದು, ಹೊಂದಿಕೊಂಡ ಶೂ ಅಂಗಡಿಯಲ್ಲಿ ಸಿಗುವುದಿಲ್ಲ.

ಪ್ರಶ್ನೆ (ಮಡಿಕೇರಿ): ದೇವಸ್ಥಾನಕ್ಕೆ ಬೇರೆ ಬಟ್ಟೆ ಬೇಕಾ? ಮತ್ತೆ, ಬಿಸಿಲು ತಪ್ಪಿಸಲು ಬೆಳಗಿನ ಮೂರಕ್ಕೇ ಹೊರಡೋಣ ಅಂತಿದ್ದಾರೆ.

ಉತ್ತರ: ಒಂದು ಜೊತೆ ಮಡಿ ಬಟ್ಟೆ ಬೇರೆ ಕವರಿನಲ್ಲಿ ಗಾಡಿಯ ಬ್ಯಾಗಿಗಿರಲಿ. ಸುಬ್ರಹ್ಮಣ್ಯದಲ್ಲೂ ಧರ್ಮಸ್ಥಳದಲ್ಲೂ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಪಂಚೆ ಶಲ್ಯ ಇದ್ದರೆ ಅನುಕೂಲ. ಕುಮಾರಧಾರೆ, ನೇತ್ರಾವತಿಯಲ್ಲಿ ಸ್ನಾನ ಮಾಡುವವರು ಇನ್ನೊಂದು ಬೈರಾಸು ಇಟ್ಟುಕೊಳ್ಳಿ.

ಮೂರು ಗಂಟೆ ವಿಷಯ: ಊರೊಳಗಿನ ರಸ್ತೆಯಾದರೆ ಸರಿ. ಸಂಪಾಜೆ ಘಾಟಿಯಲ್ಲೂ ಸುಬ್ರಹ್ಮಣ್ಯದ ಆಚೀಚೆ ಕಾಡು ದಾರಿಯಲ್ಲೂ ಬೇಡ, ಆನೆ ಇರುವ ಜಾಗ. ಬೆಳಕು ಹರಿದ ಮೇಲೆ ಗುಂಪಾಗಿ ಹೋಗಿ, ಬಿಸಿಲನ್ನು ಮಧ್ಯಾಹ್ನ ಮಲಗಿ ಕಳೆಯಿರಿ. ಕತ್ತಲಲ್ಲಿ ನಡೆಯುವಲ್ಲೆಲ್ಲ ಮಿನುಗು ಪಟ್ಟಿಯ ಜಾಕೆಟ್ ಹಾಕಿ, ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಟಾರ್ಚಿನ ಬ್ಯಾಟರಿ ಇನ್ನೊಂದು ಜೊತೆ ಇರಲಿ, ಅದೂ ಬೆನ್ನಿನ ಚೀಲದಲ್ಲೇ.