ಕಾಚಂಪುಳಿ ಹುಳಿಯೋ, ಹೊಟ್ಟೆಯ ಹುಳಿಯೋ?

ಕಾಫಿ ಕಣ, ವಿರಾಜಪೇಟೆ:
ನಮ್ಮ ಮನೆಯಲ್ಲಿ ಪಂದಿ ಕರಿಗೆ, ಅಂದ್ರೆ ಹಂದಿ ಮಾಂಸದ ಸಾರಿಗೆ, ಕೊನೆಯಲ್ಲಿ ಕಾಚಂಪುಳಿ ಬೀಳಲೇಬೇಕು. ಅದು ನಮ್ಮ ಕೊಡಗಿನ ಹಣ್ಣಿನ ಹುಳಿ. ಕಪ್ಪಗೆ, ಡಾಂಬರಿನ ಹಾಗೆ ಮಂದ. ಮೊನ್ನೆ ಕಡಂಬಿಟ್ಟು (ಅಕ್ಕಿತರಿಯ ಉಂಡೆ) ಜೊತೆ ಎರಡು ಬಟ್ಟಲು ಇಳಿಸಿದೆ. ರಾತ್ರಿಯಿಡೀ ಎದೆಯುರಿ, ಕೂತೇ ಬೆಳಗು ಮಾಡಿದೆ. ಮಾಂಸ ಕರಗಿಸುವ ಆಸಿಡ್ ಹೊಟ್ಟೆಯಲ್ಲೇ ಇದೆ ಅಂತಾರೆ. ಹಾಗಾದ್ರೆ ಹೊಟ್ಟೆಯೇ ಯಾಕೆ ಕರಗಲ್ಲ? ಅದೂ ಮಾಂಸವೇ ಅಲ್ವಾ?

ನಿವೃತ್ತ ಮೇಷ್ಟ್ರು:
ಇದನ್ನು ಕೇಳಿದ ಮಕ್ಕಳು ನನ್ನ ಕ್ಲಾಸಿನಲ್ಲಿ ಕಡಿಮೆ! ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಖಾಲಿ ಹೊಟ್ಟೆಯಲ್ಲಿ ಪಿಎಚ್ ಸುಮಾರು 1ರಿಂದ 3. ಪಿಎಚ್ ಅಂದರೆ ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ. ಅದು ಪ್ರೋಟೀನಿನ ಗಂಟು ಸಡಿಲಿಸುತ್ತದೆ ಅಷ್ಟೇ. ಕತ್ತರಿಸುವುದು ಪೆಪ್ಸಿನ್ ಎಂಬ ಕಿಣ್ವ. ಹುಟ್ಟುವಾಗ ಅದು ಪೆಪ್ಸಿನೋಜನ್, ಒರೆಯೊಳಗಿನ ಪೀಚೆಕತ್ತಿ ಇದ್ದ ಹಾಗೆ. ಆಸಿಡ್ ತಾಗಿದ ಮೇಲೇ ಒರೆ ಕಳಚುತ್ತದೆ. ಇನ್ನು ಒಳಗೋಡೆಗೆ ದಪ್ಪ ಲೋಳೆ ಮೆತ್ತಿರುತ್ತದೆ. ಅದರಲ್ಲಿ ಬೈಕಾರ್ಬನೇಟ್, ನಮ್ಮ ಅಡುಗೆ ಸೋಡಾದಲ್ಲಿರುವುದೇ. ಗೋಡೆಯ ಹತ್ತಿರ ಬಂದ ಆಸಿಡ್ಡಿನ ಹುಳಿಯನ್ನು ಅದು ಮುರಿಯುತ್ತದೆ. ಮೇಲ್ಪದರದ ಜೀವಕೋಶಗಳೂ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತವೆ. ಅನ್ನನಾಳಕ್ಕೆ ಇಷ್ಟು ಕಾವಲಿಲ್ಲ. ಆಸಿಡ್ ಮೇಲಕ್ಕೆ ಉಕ್ಕಿತೋ, ಉರಿ.

ಮಡಿಕೇರಿ ಮಂಜು:
ಸುಮ್ನೆ ಕಾಚಂಪುಳಿ ಒಂದನ್ನೇ ಬೈಯಬೇಡಿ. ಕೊಬ್ಬು ಜಾಸ್ತಿ ಇದ್ದರೆ ಹೊಟ್ಟೆ ಖಾಲಿಯಾಗುವುದೇ ನಿಧಾನ. ತಿಂದು ಎಷ್ಟು ಹೊತ್ತಿಗೆ ಮಲಗಿದ್ರಿ?

ಕಾಫಿ ಕಣ, ವಿರಾಜಪೇಟೆ:
ಹತ್ತೇ ನಿಮಿಷಕ್ಕೆ. ನಡುವೆ ಒಂದು ಲೋಟ ಬೆಲ್ಲದ ಕಾಫಿ ಬೇರೆ.

ನಿವೃತ್ತ ಮೇಷ್ಟ್ರು:
ಕಾಫಿಯೂ ಆಸಿಡ್ ಸುರಿಸುತ್ತದೆ ಮಾರಾಯ್ರೇ! ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ. ಉರಿ ಪದೇ ಪದೇ ಬಂದರೆ ಡಾಕ್ಟರಿಗೆ ತೋರಿಸಿ.