ಸಹಾಯ ಬೇಕು: ಕ್ಯಾಸೆಟ್‌ನ ಸುಯ್ ಸದ್ದು ತೆಗೆದರೆ ಅಜ್ಜಿಯ ದನಿಯೂ ಮಂಕಾಗುತ್ತಿದೆ

ಬಸವನಗುಡಿಯ ನಮ್ಮ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳ ಹಳೆಯ ಕ್ಯಾಸೆಟ್‌ಗಳಿವೆ. ಡೆಕ್‌ನ ಟೇಪಿನಿಂದ ಸದ್ದನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಹಾಡಿಲ್ಲದ ಜಾಗದ ಸದ್ದನ್ನು ಮಾದರಿಯಾಗಿ ಕೊಟ್ಟು ನಾಯ್ಸ್ ರಿಡಕ್ಷನ್ (ಸದ್ದು ತಗ್ಗಿಸುವ ಸೌಲಭ್ಯ) 12 ಡೆಸಿಬಲ್ ಇಟ್ಟರೆ ಸುಯ್ ಸದ್ದೇನೋ ಹೋಗುತ್ತದೆ. ಆದರೆ ‘ಸ’, ‘ಶ’ ಎಲ್ಲ ಮೊಂಡಾಗಿ, ಬಿಂದಿಗೆಯೊಳಗೆ ಬಾಯಿಟ್ಟು ಹಾಡಿದಂತೆ ಕೇಳುತ್ತದೆ. 6ಕ್ಕೆ ಇಳಿಸಿದರೆ ಸುಯ್ ಮತ್ತೆ ಹಾಜರ್!

ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು, ಹೆಡ್‌ನ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂ ತಿರುಗಿಸಿ ಮತ್ತೆ ಇಳಿಸಿಕೊಳ್ಳಿ ಎನ್ನುತ್ತಾರೆ. ನನ್ನ ಗೊಂದಲ ಇಲ್ಲಿದೆ: ಓರೆಯನ್ನು ಹೋಲಿಸಿ ನೋಡಲು, ಹಾಡನ್ನು ಮುದ್ರಿಸಿದ ಟೇಪ್ ರೆಕಾರ್ಡರ್ ಈಗ ಇಲ್ಲ. ಹಾಗಿರುವಾಗ ಕಿವಿಯಿಂದಲೇ ಕೇಳುತ್ತಾ, ಪ್ರತಿ ಕ್ಯಾಸೆಟ್‌ಗೂ ಸ್ಕ್ರೂವನ್ನು ಬೇರೆಬೇರೆಯಾಗಿ ಹೊಂದಿಸಬೇಕೆ? ಅಥವಾ ಈಗಿರುವ ಕಡತದಲ್ಲೇ ದನಿ ಕೆಡದಂತೆ ಸುಯ್ ತಗ್ಗಿಸಲು ಸಾಧ್ಯವೇ? ಸಾಧ್ಯವಿದ್ದರೆ ನಾಯ್ಸ್ ರಿಡಕ್ಷನ್‌ನಲ್ಲಿರುವ ಸೆನ್ಸಿಟಿವಿಟಿ (ಎಷ್ಟನ್ನು ಸುಯ್ ಸದ್ದೆಂದು ಎಣಿಸಬೇಕೆಂಬ ಮಟ್ಟ) ಎಷ್ಟಿಡಬೇಕು?